ಬಸ್ ನಿಲ್ದಾಣಗಳಲ್ಲಿ ಹಿರಿಯರಿಗೆ ನೆರಳು, ಬೆಂಚು ಬೇಕು

ಮಾನ್ಯರೇ,

ಮೊದಲೆಲ್ಲ ಶರಣಬಸವೇಶ್ವರ ಕೆರೆ ಸುತ್ತು ಹಾಕಿ, ಹಾಗೇ ಸೂಪರ್ ಮಾರ್ಕೆಟ್‌ಗೆ ನಡೆದು ತರಕಾರಿ ತರುತ್ತಿದ್ದೆ. ಈಗ ಅರ್ಧ ದಾರಿಗೇ ಮೊಣಕಾಲು ಹಿಡಿಯುತ್ತದೆ. ಕೂತರೆ ಏಳಲು ಏನಾದರೂ ಆಸರೆ ಬೇಕು. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, 60ರ ನಂತರ ಇನ್ನೂ ಜಾಸ್ತಿ. ಇದು ಎಲ್ಲರಿಗೂ ಬರುವಂಥದ್ದೇ.

ಆದರೆ ಕಲಬುರಗಿಯ ಬಿಸಿಲಲ್ಲಿ ಇದು ಸಣ್ಣ ವಿಷಯವಲ್ಲ. ಮೇ ತಿಂಗಳಲ್ಲಿ ಎಷ್ಟೋ ಸಲ 42 ಡಿಗ್ರಿ ದಾಟುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ, ಬೆವರುವುದೂ ಕಡಿಮೆ. ತಲೆ ಸುತ್ತಿದಾಗಲೇ ನೀರಿನ ನೆನಪು. ಹೋದ ಬೇಸಿಗೆಯಲ್ಲಿ ನಿಲ್ದಾಣವೊಂದರಲ್ಲಿ ನನ್ನ ವಾರಿಗೆಯ ತಾಯಿಯೊಬ್ಬರು ತಲೆ ಮೇಲೆ ಸೆರಗು ಎಳೆದುಕೊಂಡು, ಕಂಬ ಹಿಡಿದು ನಿಂತಿದ್ದರು. ಬಸ್ಸಿನ ಮೆಟ್ಟಿಲು ಎತ್ತರ. ಒಂದು ಕಾಲು ಇಡುವಷ್ಟರಲ್ಲಿ ಸೀಟಿ ಊದಿಬಿಟ್ಟರು. ನೋಡಿ ಕರುಳು ಚುರುಕ್ ಎಂದಿತು.

ಮಹಾನಗರ ಪಾಲಿಕೆಯವರು ನಿಲ್ದಾಣಗಳಲ್ಲಿ ನೆರಳು, ಕುಡಿಯುವ ನೀರಿನ ವ್ಯವಸ್ಥೆ ಮಾಡಲಿ. ಕೈ ಇರುವ ಬೆಂಚು ಹಾಕಿಸಲಿ. ಬರೀ ಕಲ್ಲು ಬೆಂಚಿನಿಂದ ಏಳುವುದು ನಮಗೆಷ್ಟು ಕಷ್ಟ ಅಂತ ಹಾಕಿಸುವವರಿಗೆ ತಿಳಿಯಬೇಕಲ್ವಾ? ಚಾಲಕರು, ನಿರ್ವಾಹಕರು ಹಿರಿಯರು ಹತ್ತಿ ಕೂರುವ ತನಕ ದಯವಿಟ್ಟು ಕಾಯಲಿ.

– ಒಬ್ಬ ಹಿರಿಯ ನಾಗರಿಕ, ಕಲಬುರಗಿ