ಸುಲಭದ ದಾರಿಗೆ ಸರಪಳಿ ಯಾಕೆ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ಸುಲಭ ಚಾರಣದ ವರದಿಯನ್ನು ನಂಬಿ ನಾವು ಈ ಭಾನುವಾರ ಮನೆಮಂದಿಯೆಲ್ಲ ಹೊರಟೆವು. ನೀವು ದೊಡ್ಡ ಫೋಟೊ ಹಾಕಿದ್ದಿರಲ್ಲ, ಅದೇ ಹಳೇ ಗಾಡಿ ದಾರಿಗೆ. ಮಕ್ಕಳು, ವಯಸ್ಸಾದವರು ಕೂಡ ಆರಾಮಾಗಿ ನಡೆಯಬಹುದು ಎಂದು ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಹೇಳಿದ ಮಾತು ಅದರಲ್ಲೇ ಇತ್ತು. ಹೋಗಿ ನೋಡಿದರೆ ದಾರಿಗೆ ಅಡ್ಡ ಕಬ್ಬಿಣದ ಸರಪಳಿ, ಅದಕ್ಕೊಂದು ಬೀಗ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಹುಡುಗ ಕೂತಿದ್ದ. 'ಆನ್‌ಲೈನ್ ಬುಕಿಂಗ್ ಆಗಿದ್ಯಾ ಅಕ್ಕಾ?' ಎಂದ. ಇಲ್ಲ ಎಂದೆ. 'ಹಂಗಾದ್ರೆ ಬಿಡಕ್ಕೆ ಬರೋದಿಲ್ಲ, ಮೇಲಿಂದ ಆರ್ಡರ್ ಇದೆ' ಎಂದ.

ಸರಿ, ಇಲ್ಲೇ ಬುಕಿಂಗ್ ಮಾಡೋಣ ಅಂದರೆ ಅಲ್ಲಿ ನೆಟ್‌ವರ್ಕ್ ಇಲ್ಲ. ಆ ತಿರುವಿನಲ್ಲಿ ಯಾವ ಕಂಪನಿಯ ಸಿಮ್ಮೂ ನಡೆಯೋದಿಲ್ಲ ಅಂತ ಆ ಕಡೆ ಓಡಾಡುವವರಿಗೆಲ್ಲ ಗೊತ್ತು. ಸಿಗ್ನಲ್ ಬೇಕಾದರೆ ಘಟ್ಟದ ರಸ್ತೆಗೆ ವಾಪಸ್ ಹತ್ತಿ ಗೂಡಂಗಡಿ ಹತ್ತಿರ ಹೋಗಬೇಕು. ನಮ್ಮ ಯಜಮಾನರು ಬಿಸಿಲಲ್ಲಿ ಅಲ್ಲಿವರೆಗೆ ನಡೆದರು. ಜಾಲತಾಣ ತೆರೆದರೆ ಮೊದಲು ಓಟಿಪಿ. ಆಮೇಲೆ ಪ್ರತಿಯೊಬ್ಬರ ಹೆಸರು, ವಯಸ್ಸು, ಗುರುತಿನ ಚೀಟಿಯ ನಂಬರು. ಅತ್ತೆಯ ಆಧಾರ್ ನಂಬರು ಯಜಮಾನರ ಹತ್ತಿರ ಇರಲಿಲ್ಲ. ಮತ್ತೆ ಕೆಳಗೆ ಬಂದು ಬರೆದುಕೊಂಡು ಹೋದರು. ಎಲ್ಲ ತುಂಬಿಸಿ ಮುಗಿಸಿದ ಮೇಲೆ ಗೊತ್ತಾಗಿದ್ದು, ಅವತ್ತಿನ ದಿನಕ್ಕೆ ಬುಕಿಂಗ್ ಕೊಡೋದೇ ಇಲ್ಲ, ಮರುದಿನಕ್ಕೆ ಮಾತ್ರ. ಇದನ್ನು ಮೊದಲ ಪುಟದಲ್ಲೇ ಹಾಕಲು ಏನು ಕಷ್ಟ? ಸಂಪಾದಕರೇ, ನಿಮ್ಮ ವರದಿಯಲ್ಲೂ ಬುಕಿಂಗ್ ಬಗ್ಗೆ ಒಂದು ಸಾಲು ಇರಲಿಲ್ಲ. ಅಧಿಕಾರಿ ಹೇಳಿದ್ದನ್ನು ಬರೆದುಕೊಂಡು ಬಂದ ವರದಿಗಾರರು ಒಮ್ಮೆ ಆ ಜಾಗಕ್ಕೆ ಹೋಗಿ ನೋಡಬೇಕಿತ್ತು.

ಅಣ್ಣನ ಸಂಸಾರ ಇದಕ್ಕೆಂದೇ ಹಿಂದಿನ ರಾತ್ರಿ ಹುಬ್ಬಳ್ಳಿಯಿಂದ ಬಂದಿತ್ತು. ಓಮ್ನಿ ಬಾಡಿಗೆಗೆ ಹೇಳಿದ್ದೆವು. ನಾನು ಬೆಳಗಿನ ಜಾವ ಎದ್ದು ಚಿತ್ರಾನ್ನ, ಮೊಸರನ್ನ ಕಟ್ಟಿ, ಅಪ್ಪೆಹುಳಿಯನ್ನು ಬಾಟಲಿಗೆ ತುಂಬಿಸಿಕೊಂಡಿದ್ದೆ. ಅಲ್ಲಿ ಕೂರಲು ಒಂದು ಕಲ್ಲುಬೆಂಚೂ ಇಲ್ಲ. ಶೌಚಾಲಯದ ಮಾತಂತೂ ಬೇಡ. ಹೆಂಗಸರು ಎಲ್ಲಿಗೆ ಹೋಗಬೇಕು ಎಂದು ಆ ಹುಡುಗನನ್ನು ಕೇಳಿದರೆ ಅವನು ತಲೆ ತಗ್ಗಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ದಿನಗೂಲಿ ಹುಡುಗ, ಅವನಿಗೂ ಅಲ್ಲಿ ನೀರಿಲ್ಲ, ನೆರಳಿಲ್ಲ. ನಾವೇ ಅವನಿಗೆ ಚಿತ್ರಾನ್ನ ಕೊಟ್ಟೆವು.

ಎಲ್ಲಕ್ಕಿಂತ ಬೇಜಾರಾಗಿದ್ದು ಅತ್ತೆಯನ್ನು ನೋಡಿ. ಅವರಿಗೆ ಮಂಡಿನೋವು, ಎಲ್ಲಿಗೆ ಕರೆದರೂ ಬರೋದಿಲ್ಲ. ಈ ದಾರಿ ಅಂದ ಕೂಡಲೇ ತಾವಾಗಿಯೇ ಹೊರಟಿದ್ದರು. ಅದು ಅವರ ತವರಿನ ದಾರಿ. ಘಟ್ಟದ ಕೆಳಗಿಂದ ಮದುವೆಯಾಗಿ ಬಂದಮೇಲೆ ಹಬ್ಬಕ್ಕೆ, ಬಾಣಂತನಕ್ಕೆ ಇದೇ ದಾರಿಯಲ್ಲಿ ಇಳಿದು ಹತ್ತಿದವರು. ಅಡಿಕೆ ಗಾಡಿಗಳ ಹಿಂದೆ ಮಗುವನ್ನು ಎತ್ತಿಕೊಂಡು ನಡೆದವರು. ಅವರನ್ನು ಸರಪಳಿಯ ಆಚೆ ನಿಲ್ಲಿಸಿ ಗುರುತಿನ ಚೀಟಿ ಕೇಳುತ್ತಾರೆ.

ಈ ದಾರಿಗಳನ್ನು ಯಾವ ಇಲಾಖೆಯೂ ಮಾಡಿದ್ದಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಮೆಣಸು ಘಟ್ಟದಿಂದ ಮಿರ್ಜಾನ್, ಹೊನ್ನಾವರದ ಕಡೆಗೆ ಇಳಿದದ್ದು ಇಂಥ ದಾರಿಗಳಲ್ಲೇ. 1801ರಲ್ಲಿ ಬ್ರಿಟಿಷ್ ಕಂಪನಿ ಕಳಿಸಿದ್ದ ಫ್ರಾನ್ಸಿಸ್ ಬುಕಾನನ್ ಸದಾಶಿವಗಡದ ಕಡೆಯಿಂದ ಘಟ್ಟ ಹತ್ತಿ ಯಲ್ಲಾಪುರ, ಸೋಂದಾ, ಶಿರಸಿ ನೋಡಿಕೊಂಡು ಹೋದ. 1860ರ ದಶಕದಲ್ಲಿ ಅಮೆರಿಕದಲ್ಲಿ ಯುದ್ಧವಾಗಿ ಹತ್ತಿಗೆ ಬೆಲೆ ಬಂದಾಗ ಧಾರವಾಡ ಸೀಮೆಯ ಹತ್ತಿ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋದವು. ಕುಮಟಾ ಹತ್ತಿ ಅಂತಲೇ ಅದು ಹೊರದೇಶದಲ್ಲಿ ಹೆಸರಾಯಿತು. ಹೇರು ಹೊತ್ತ ಎತ್ತು ಕಡಿದಾದ ಏರು ಹತ್ತಲಾರದು. ಅದಕ್ಕೇ ನಮ್ಮ ಹಿರಿಯರು ಗುಡ್ಡವನ್ನು ಸುತ್ತಿಸಿ ಸುತ್ತಿಸಿ, ಸ್ವಲ್ಪ ಸ್ವಲ್ಪವೇ ಏರುವ ಹಾಗೆ ದಾರಿ ಮಾಡಿದರು. ಮಂಡಿನೋವಿನ ಅಜ್ಜಿಯೂ ಇವತ್ತು ಅಲ್ಲಿ ನಡೆಯಬಹುದು ಅಂದರೆ ಅದಕ್ಕೆ ಕಾರಣ ಆ ಎತ್ತುಗಳು, ಆ ಗಾಡಿಯವರು. ಈಗಿನ ಅಧಿಕಾರಿಗಳು ಅದಕ್ಕೆ ಸೇರಿಸಿದ್ದು ಸರಪಳಿ ಒಂದೇ.

ನಾವು ಹಾಗೆ ನಿಂತಿದ್ದಾಗಲೇ ಎರಡು ಜೀಪು ತುಂಬ ಹುಡುಗರು ಬಂದರು. ಮೊಬೈಲಿನಲ್ಲಿ ಟಿಕೆಟ್ ತೋರಿಸಿದರು, ಸರಪಳಿ ಇಳಿಯಿತು. ಅವರ ಚೀಲದಲ್ಲಿ ಬಾಟಲಿಗಳು ಕಣಕಣ ಅನ್ನುತ್ತಿದ್ದವು. ಯಾರೂ ಚೀಲ ತೆಗೆಸಿ ನೋಡಲಿಲ್ಲ. ಸ್ಪೀಕರ್‌ನಲ್ಲಿ ಹಾಡು ಹಾಕಿಕೊಂಡೇ ಕಾಡಿನೊಳಗೆ ಹೋದರು. ಬುಕಿಂಗ್ ಇದ್ದರೆ ಕಾಡಿನಲ್ಲಿ ಏನು ಬೇಕಾದರೂ ಮಾಡಬಹುದಾ? ನಮ್ಮ ಜಲಪಾತಗಳ ಹತ್ತಿರ ಬರಿಗಾಲಲ್ಲಿ ಇಳಿಯಲು ಭಯವಾಗುವಷ್ಟು ಗಾಜಿನ ಚೂರು ಬಿದ್ದಿರುತ್ತದೆ. ಅದನ್ನು ತಂದು ಒಡೆಯುವವರು ಅಪ್ಪೆಹುಳಿ ಬಾಟಲಿ ಹಿಡಿದುಕೊಂಡು ಬರುವ ಹೆಂಗಸರಲ್ಲ.

ನಿಯಮವೇ ಬೇಡ ಅಂತ ನಾನು ಹೇಳುತ್ತಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಒಮ್ಮೆಲೇ ಮುಗಿಬಿದ್ದ ಚಿತ್ರ ನಾವೆಲ್ಲ ನೋಡಿದ್ದೇವೆ. ಆಮೇಲೆ ರಾಜ್ಯದಲ್ಲಿ ಚಾರಣಕ್ಕೆ ಬಿಗಿ ಮಾಡಿದರು, ಆನ್‌ಲೈನ್ ಬುಕಿಂಗ್ ತಂದರು. ಅಲ್ಲಿಗೆ ಅದು ಬೇಕಿತ್ತು. ಆದರೆ ಅದು 1,712 ಮೀಟರ್ ಎತ್ತರದ ಗುಡ್ಡ, ಬೆಂಗಳೂರಿನಿಂದ ಬಸ್ಸುಗಟ್ಟಲೆ ಜನ ಬರುವ ಜಾಗ. ಅದಕ್ಕೂ ನಮ್ಮೂರಿನ ಗಾಡಿ ದಾರಿಗೂ ಒಂದೇ ನಿಯಮ ಹಾಕಿದರೆ ಹೇಗೆ? ಬೇಸಿಗೆಯಲ್ಲಿ ಬೆಂಕಿಯ ಭಯ ಇದ್ದರೆ ಮುಚ್ಚಲಿ. ಮಳೆಗಾಲದಲ್ಲಿ ಜಾರಿಕೆ ಎಂದು ಮುಚ್ಚಲಿ. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಬಂದಾಗ, ಉಣುಗು ಕಚ್ಚುತ್ತದೆ ಕಾಡಿಗೆ ಹೋಗಬೇಡಿ ಎಂದರೆ ನಾವು ಹೋಗೋದಿಲ್ಲ. ಈಗ ಮಳೆ ಮುಗಿದಿದೆ, ಬೇಸಿಗೆ ಬಂದಿಲ್ಲ. ಮುಖ್ಯ ರಸ್ತೆಯಲ್ಲಿ ಒಂದು ಬೋರ್ಡ್ ಕೂಡ ಇಲ್ಲ. ಸರಪಳಿ ಮುಂದೆ ನಿಂತ ಮೇಲೆಯೇ ನಿಯಮ ಗೊತ್ತಾಗಬೇಕು ಅಂದರೆ ಅದು ಜನರಿಗೆ ಕೊಡುವ ತೊಂದರೆಯಲ್ಲದೆ ಮತ್ತೇನು?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಡೆದಾಡುವ ದಾರಿಗೆ ಬರವಿಲ್ಲ. ಮಾಗೋಡು ಜಲಪಾತ ನೋಡಿಕೊಂಡು ಜೇನುಕಲ್ಲು ಗುಡ್ಡಕ್ಕೆ ಹೋಗಬಹುದು. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವಲ್ಲಿ ಸದಾಶಿವಗಡದ ಕೋಟೆಗುಡ್ಡ ಇದೆ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚ್‌ಗೆ, ಅಲ್ಲಿಂದ ಹಾಫ್ ಮೂನ್ ಕಡೆಗೆ ಗುಡ್ಡ ದಾಟಿಕೊಂಡು ಹೋಗಬಹುದು. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅನ್ನುತ್ತಿದ್ದ ಕಾಲ ಹೋಯಿತು. ಯಾಣದ 120 ಮೀಟರಿನ ಭೈರವೇಶ್ವರ ಶಿಖರದ ಹತ್ತಿರದವರೆಗೂ ಈಗ ಗಾಡಿ ಹೋಗುತ್ತದೆ, ಉಳಿದ ಸ್ವಲ್ಪ ದೂರ ನಡೆದರೆ ಸಾಕು. ಇಷ್ಟೆಲ್ಲ ಇದ್ದೂ ಒಂದು ನಕ್ಷೆ ಬೇಕು ಅಂದರೆ ಕಚೇರಿಗಳಲ್ಲಿ ಸಿಗೋದಿಲ್ಲ. ಎಷ್ಟು ದೂರ, ಎಲ್ಲಿ ನೀರು ಸಿಗುತ್ತದೆ, ಎಷ್ಟು ಹೊತ್ತಿಗೆ ವಾಪಸ್ ಬರಬೇಕು, ಯಾವ ತಿಂಗಳು ಉಂಬಳ (ಜಿಗಣೆ) ಜಾಸ್ತಿ, ಇಷ್ಟನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಲು ಎಷ್ಟು ಖರ್ಚಾಗುತ್ತದೆ?

ಸೋಮವಾರ ನಾನು ಕಚೇರಿಗೂ ಹೋಗಿದ್ದೆ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಎಂದರು. ಮಧ್ಯಾಹ್ನ ಬನ್ನಿ ಎಂದರು. ಮಧ್ಯಾಹ್ನ ಹೋದರೆ ಫೀಲ್ಡಿಗೆ ಹೋಗಿದ್ದಾರೆ ಎಂದರು. ಅರ್ಜಿ ಕೊಟ್ಟೆ, ಸ್ವೀಕೃತಿ ಕೊಡಲು ಸೀಲು ಹಾಕುವವರು ರಜೆ. ಇದು ಹೊಸದೇನಲ್ಲ. ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡು, ಅಂದರೆ ಸೊಪ್ಪಿನ ಬೆಟ್ಟದಿಂದ ಒಂದು ಹೊರೆ ಸೊಪ್ಪು ತರಲೂ ನಮ್ಮ ರೈತರು ಇವರ ಮುಖ ನೋಡಬೇಕು. ತೋಟದವರಿಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಇದೆ, ಆದರೂ ಬಿದ್ದ ಮರ ತೆಗೆಯಲು ಎಷ್ಟು ಸಲ ಓಡಾಡಬೇಕು ಅಂತ ಯಾವ ಹಳ್ಳಿಯಲ್ಲಿ ಬೇಕಾದರೂ ಕೇಳಿ ನೋಡಿ.

ಅದೇ ಹೆದ್ದಾರಿ ಅಂದರೆ ಇವರ ಕೈ ತಡೆಯೋದಿಲ್ಲ. ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡಲು ಗುಡ್ಡ ಕಡಿದದ್ದನ್ನು ದಿನಾ ಓಡಾಡುವವರು ನೋಡಿದ್ದಾರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಚಹಾ ಅಂಗಡಿ, ಲಾರಿ, ಮನುಷ್ಯರು ಗಂಗಾವಳಿ ನದಿಗೆ ಹೋದರು. ಕೆಲವರಿಗಾಗಿ ತಿಂಗಳುಗಟ್ಟಲೆ ಹುಡುಕಿದರು. ಅಂಥ ಕಡೆ ಗುಡ್ಡಕ್ಕೆ ಜೆಸಿಬಿ ಹಚ್ಚುವಾಗ ಇಷ್ಟು ಕಟ್ಟುನಿಟ್ಟು ಎಲ್ಲಿ ಹೋಗಿತ್ತು? ಗಾಯವಾದವರನ್ನು ಕರೆದುಕೊಂಡು ಹೋಗಲು ಜಿಲ್ಲೆಯಲ್ಲಿ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಾವು ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ! ಚುನಾವಣೆ ಬಂದಾಗೆಲ್ಲ ಆಗುತ್ತದೆ ಅನ್ನುತ್ತಾರೆ. ಜನ ಈಗಲೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗೆ ಓಡುತ್ತಿದ್ದಾರೆ.

ಕಾಡಿನ ಮೇಲೆ ನಮಗೆ ಪ್ರೀತಿ ಇಲ್ಲ ಎಂದು ಮಾತ್ರ ಯಾರೂ ಹೇಳಬಾರದು. 1983ರ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರು. ಅಲ್ಲಿಂದಲೇ ಅಪ್ಪಿಕೋ ಚಳವಳಿ ಶುರುವಾದದ್ದು. ಅವತ್ತು ಅವರು ನಿಲ್ಲಿಸಿದ್ದು ಸರ್ಕಾರವೇ ಒಪ್ಪಿಗೆ ಕೊಟ್ಟ ಮರ ಕಡಿತವನ್ನು. ಮಕ್ಕಳು ಕಾಡಿನಲ್ಲಿ ನಡೆದರೆ ತಾನೇ ಕಾಡು ತಮ್ಮದು ಅನ್ನಿಸುವುದು? ಅಣ್ಣನ ಮಗಳು ಸಿಂಗಳೀಕ, ಅಂದರೆ ಸಿಂಹಬಾಲದ ಮಂಗ ನೋಡಬೇಕು ಎಂದು ದುರ್ಬೀನು ತಂದಿದ್ದಳು. ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಕ್ಕೆಂದೇ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಕಾಯ್ದಿಟ್ಟಿದ್ದಾರೆ ಎಂದು ನಾನೇ ಅವಳಿಗೆ ಹೇಳಿದ್ದೆ. ಅವಳು ನೋಡಿದ್ದು ನಮ್ಮ ಮೊಸರನ್ನದ ಡಬ್ಬಿಗೆ ಕೈ ಹಾಕಿದ ರಸ್ತೆಬದಿಯ ಮಂಗಗಳನ್ನು.

ಆದ್ದರಿಂದ ಸಂಬಂಧಪಟ್ಟವರು ಆ ಸರಪಳಿಯನ್ನು ತೆಗೆಯಬೇಕು. ಅಥವಾ ಊರವರಿಗೆ ಗೇಟಿನಲ್ಲೇ ಚೀಟಿ ಕೊಡಬೇಕು. ಅದೂ ಆಗದಿದ್ದರೆ ಮುಖ್ಯ ರಸ್ತೆಯಲ್ಲೇ ಎದ್ದು ಕಾಣುವ ಬೋರ್ಡ್ ಹಾಕಿ, ಒಂದು ಶೌಚಾಲಯ ಕಟ್ಟಿಸಿ, ಆಮೇಲೆ ಏನು ಬೇಕಾದರೂ ಬೀಗ ಹಾಕಿಕೊಳ್ಳಲಿ. ಚೀಲ ತಪಾಸಣೆ ಮಾಡಲಿ, ಬಾಟಲಿ ತಂದವರಿಗೆ ದಂಡ ಹಾಕಲಿ. ಏನೂ ಮಾಡದೆ ಪತ್ರಿಕೆಯವರನ್ನು ಕರೆದು ಸುಲಭದ ದಾರಿ, ಎಲ್ಲರೂ ಬನ್ನಿ ಎಂದು ಹೇಳುವುದನ್ನಾದರೂ ನಿಲ್ಲಿಸಲಿ. ಜನರ ತೆರಿಗೆಯಲ್ಲಿ ಸಂಬಳ ತೆಗೆದುಕೊಳ್ಳುವವರಿಗೆ ಒಬ್ಬ ವಯಸ್ಸಾದ ಹೆಂಗಸನ್ನು ಬಿಸಿಲಲ್ಲಿ ನಿಲ್ಲಿಸಿ ವಾಪಸ್ ಕಳಿಸಲು ಸ್ವಲ್ಪವಾದರೂ ನಾಚಿಕೆ ಆಗಬೇಕು.

— ಒಬ್ಬ ಗೃಹಿಣಿ, ಶಿರಸಿ