ಮನ್ರೋ ಪುಸ್ತಕಗಳನ್ನು ಕೊಟ್ಟುಬಿಡುವ ಮೊದಲು

ಚಿ. ಮೇಘಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಕೆನಡಾದ ಕತೆಗಾರ್ತಿ ಆಲಿಸ್ ಮನ್ರೋ ಪುಸ್ತಕಗಳನ್ನೆಲ್ಲ ಡಬ್ಬಕ್ಕೆ ತುಂಬಿ ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂತ ಬರೆದಿದ್ದೀಯ. ಹೋದ ವರ್ಷ ಆಕೆಯ ಹುಟ್ಟೂರು ವಿಂಗಮ್‌ನಲ್ಲಿ ಆಕೆಯ ಹೆಸರಿನ ತೋಟದ ಮುಂದೆ ನಿಂತು ಫೋಟೋ ಕಳಿಸಿದ್ದವಳೂ ನೀನೇ. ಸಿಟ್ಟು ಬರುವುದು ಸಹಜ. 2024ರ ಮೇ ತಿಂಗಳಲ್ಲಿ ಆಕೆ ತೀರಿಕೊಂಡಾಗ ಎಲ್ಲ ಕಡೆಯೂ ಹೊಗಳಿಕೆಯ ಮಳೆ. ಜುಲೈಯಲ್ಲಿ ಕಿರಿಯ ಮಗಳು ಟೊರಾಂಟೊ ಸ್ಟಾರ್ ಪತ್ರಿಕೆಯಲ್ಲಿ ಬಾಯಿ ಬಿಟ್ಟಳು: ಒಂಬತ್ತು ವರ್ಷದವಳಿದ್ದಾಗ ಮಲತಂದೆ ಲೈಂಗಿಕ ದೌರ್ಜನ್ಯ ಎಸಗಿದ್ದ, 1992ರಲ್ಲಿ ಪತ್ರ ಬರೆದು ಅಮ್ಮನಿಗೆ ತಿಳಿಸಿದಳು, ಅಮ್ಮ ಕೆಲವು ತಿಂಗಳು ಬೇರೆಯಿದ್ದು ಮತ್ತೆ ಅವನ ಹತ್ತಿರವೇ ಹೋದಳು. 2005ರಲ್ಲಿ ಅವನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ ಮೇಲೂ ಅಮ್ಮ ಅವನನ್ನು ಬಿಡಲಿಲ್ಲ.

ನೊಬೆಲ್ ಬಂದ ಲೇಖಕಿ ಅಂತ ಇದಕ್ಕೆ ತೇಪೆ ಹಾಕಬೇಡ ಮಗಳೇ. ಆದರೆ ಡಬ್ಬ ಕಟ್ಟುವ ಮೊದಲು 'ಓಪನ್ ಸೀಕ್ರೆಟ್ಸ್' ಸಂಕಲನದ ಕೊನೆಯ ಕತೆ 'ವ್ಯಾಂಡಲ್ಸ್' ಒಂದು ಓದು. ಪುಸ್ತಕ ಬಂದದ್ದು 1994ರಲ್ಲಿ, ಅಂದರೆ ಮಗಳ ಪತ್ರ ಕೈಸೇರಿ ಎರಡು ವರ್ಷಕ್ಕೆ. ಲೈಜಾ ಎಂಬ ಯುವತಿ ಗಂಡನ ಜೊತೆ ಚಳಿಗಾಲದಲ್ಲಿ ಪರಿಚಯದವರ ಖಾಲಿ ಮನೆ ನೋಡಿಕೊಂಡು ಬರಲು ಹೋಗುತ್ತಾಳೆ. ಹೋದವಳು ಇದ್ದಕ್ಕಿದ್ದಂತೆ ಸಾಮಾನೆಲ್ಲ ಎಳೆದು ಚೆಲ್ಲಾಪಿಲ್ಲಿ ಮಾಡುತ್ತಾಳೆ. ಆಮೇಲೆ ಮನೆಯೊಡತಿ ಬೀ ಎಂಬವಳಿಗೆ ಫೋನು ಮಾಡಿ, ಯಾರೋ ಪುಂಡರು ನುಗ್ಗಿ ಹಾಳು ಮಾಡಿದ್ದಾರೆ ಅನ್ನುತ್ತಾಳೆ. ಯಾಕೆ ಹೀಗೆ? ಬೀಯ ಜೊತೆಗಾರ ಲ್ಯಾಡ್ನರ್ ಲೈಜಾಳ ಬಾಲ್ಯದಲ್ಲಿ ಮಾಡಿದ್ದು ಮುಂದೆ ಕೆಲವೇ ಸಾಲುಗಳಲ್ಲಿ ಸುಳಿದು ಹೋಗುತ್ತದೆ. ಅವಸರದಲ್ಲಿ ಓದಿದರೆ ತಪ್ಪಿಹೋಗುತ್ತದೆ. ಬೀ ಮನಸ್ಸು ಮಾಡಿದ್ದರೆ ಲೈಜಾಳನ್ನು ಕಾಪಾಡಬಹುದಿತ್ತು, ಮಾಡಲಿಲ್ಲ. ಕತೆ ಅವಳನ್ನು ಬೈಯುವುದಿಲ್ಲ, ಮನ್ನಿಸುವುದೂ ಇಲ್ಲ.

ಇದನ್ನು ಓದಿದರೆ ಲೇಖಕಿಯ ಮೇಲೆ ಕರುಣೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ನನಗಂತೂ ಸಿಟ್ಟು ಇಮ್ಮಡಿಯಾಯಿತು: ಇಷ್ಟೆಲ್ಲ ಗೊತ್ತಿದ್ದೂ! ಆದರೂ ಕಂಡೂ ಕಾಣದ ಹಾಗಿರುವ ಹೆಂಗಸಿನ ಮನಸ್ಸನ್ನು ಇಷ್ಟು ಹತ್ತಿರದಿಂದ ತೋರಿಸಿದ ಕತೆ ನಾನು ಬೇರೆ ಓದಿಲ್ಲ. ಅಂಥವರು ನಮ್ಮ ಮನೆತನಗಳಲ್ಲೂ ಇದ್ದಾರೆ, ನಿನಗೂ ಗೊತ್ತು. ಪುಸ್ತಕ ಇಟ್ಟುಕೋ. ಲೇಖಕರನ್ನು ಮಾತ್ರ ಮನೆದೇವರು ಮಾಡಿಕೊಳ್ಳಬೇಡ. ಆ ತೋಟಕ್ಕೆ ಇನ್ನೊಮ್ಮೆ ಹೋಗದಿದ್ದರೂ ನಷ್ಟವಿಲ್ಲ.

ಒಬ್ಬರನ್ನೇ ಹಚ್ಚಿಕೊಂಡು ಓದಿದ್ದಕ್ಕೇ ನಿನಗೆ ಇಷ್ಟು ಪೆಟ್ಟು ಬಿತ್ತೋ ಏನೋ. ಕೆನಡಾದ ಕೇಪ್ ಬ್ರೆಟನ್ ದ್ವೀಪದ ಕಡೆಯ ಅಲಿಸ್ಟರ್ ಮೆಕ್ಲೌಡ್‌ರನ್ನು ಓದು. ಜೀವಮಾನವಿಡೀ ಬರೆದದ್ದು ಒಂದು ಕಾದಂಬರಿ, ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು ಕತೆ. 'ದಿ ಬೋಟ್'ನಲ್ಲಿ ಪುಸ್ತಕದ ಹುಚ್ಚಿನ ಬೆಸ್ತನೊಬ್ಬನಿದ್ದಾನೆ. ಕೈ ಉಜ್ಜಿ ಹುಣ್ಣಾಗದಿರಲಿ ಅಂತ ಮಣಿಕಟ್ಟಿಗೆ ಹಿತ್ತಾಳೆ ಸರಪಳಿ ಸುತ್ತಿಕೊಳ್ಳುತ್ತಾನೆ. ಕಡಲು ಅವನ ಹೆಣ ಒಪ್ಪಿಸುವಾಗಲೂ ಆ ಸರಪಳಿ ಕೈಯಲ್ಲೇ ಇರುತ್ತದೆ. ದಿನಕ್ಕೊಂದು ಕತೆಗಿಂತ ಹೆಚ್ಚು ಓದಬೇಡ, ತಡೆಯಲಾಗುವುದಿಲ್ಲ.

ಆಮೇಲೆ ರೋಹಿಂಟನ್ ಮಿಸ್ತ್ರಿ. 1975ರಲ್ಲಿ ಮುಂಬೈ ಬಿಟ್ಟು ಟೊರಾಂಟೊಗೆ ಹೋಗಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. 1987ರ 'ಟೇಲ್ಸ್ ಫ್ರಮ್ ಫಿರೋಜ್‌ಷಾ ಬಾಗ್'ನ ಕೊನೆಯ ಕತೆಯಲ್ಲಿ ಕೆನಡಾದ ಮಗ ತಂದೆತಾಯಿಗೆ ಬರೆಯುವುದೆಲ್ಲ ನಾಲ್ಕು ಸಾಲಿನ ಒಣ ಪತ್ರ. ಅವನು ಬರೆದ ಕತೆಗಳ ಕಟ್ಟು ಬಂದಾಗಲೇ ಅವರಿಗೆ ಮಗ ಅಷ್ಟಿಷ್ಟು ಸಿಗುವುದು.

ನೀನಂತೂ ಕತೆ ಬರೆಯುವವಳಲ್ಲ. ಈ ಸಲದ ಪತ್ರದಲ್ಲಿ ಮನ್ರೋ ಬಗ್ಗೆ ಎರಡು ಪುಟ, ನಿನ್ನ ಬಗ್ಗೆ 'ಆರಾಮಿದ್ದೀನಿ' ಅಂತ ಒಂದೇ ಮಾತು. ಆ ಹೊಸ ಕೆಲಸ ಏನಾಯಿತು? ರೂಮಿನ ಜೊತೆಗಾತಿ ಈಗಲಾದರೂ ಸರಿ ಹೋದಳೇ? ಇದಕ್ಕೆಲ್ಲ ಉತ್ತರ ಬರೆದ ಮೇಲೆ 'ವ್ಯಾಂಡಲ್ಸ್' ವಿಷಯ ಬರೆ.

ಇಂತಿ ನಿನ್ನ,
ದೊಡ್ಡಮ್ಮ