ಸುಹಾಸನಿಗೆ, ಅವಸರದ ವಿಷಯವಾಗಿ

ಸಾಗರ

ಚಿ. ಸುಹಾಸನಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲ ಕ್ಷೇಮ. ಮಳೆ ಹಿಡಿದಿದೆ, ನೆಟ್‌ವರ್ಕ್ ಇಲ್ಲ, ಅದಕ್ಕೇ ಕಾಗದ.

ಮೊನ್ನೆ ನೀನು ಹೇಳಿದ ಗಡಿಯಾರದ ವಿಷಯ ತಲೆ ಕೊರೆಯುತ್ತಲೇ ಇದೆ. ‘ಈ ಆಫರ್ ಇನ್ನು ಹತ್ತೇ ನಿಮಿಷ’ ಅಂತ ಓಡುವ ಗಡಿಯಾರ ನಿಮ್ಮ ಆ್ಯಪ್‌ಗೂ ಬೇಕಂತೆ, ಅದನ್ನು ಕೂರಿಸುವ ಕೆಲಸ ನಿನ್ನದಂತೆ. ಅಂಥದ್ದೊಂದನ್ನು ನಾನೂ ಪರೀಕ್ಷೆ ಮಾಡಿದೆ. ಕುಕ್ಕರಿನ ಜಾಹೀರಾತು ಒತ್ತಿದೆ. ಕೆಂಪಕ್ಷರದಲ್ಲಿ ಸೆಕೆಂಡುಗಳು ಇಳಿಯತೊಡಗಿದವು. ಸೊನ್ನೆಯಾಗುವವರೆಗೂ ಸುಮ್ಮನೆ ಕೂತೆ. ಬೆಲೆ ಹಾಗೇ ಇತ್ತು. ಮುಚ್ಚಿ ತೆರೆದರೆ ಮತ್ತೆ ಹತ್ತು ನಿಮಿಷದಿಂದ ಶುರು! ಕೊಳ್ಳಲು ಹೋದರೆ ಹೆಚ್ಚುವರಿ ವಾರಂಟಿಗೆ ಮೊದಲೇ ಟಿಕ್ ಬಿದ್ದಿತ್ತು. ಬೇಡವೆನ್ನುವ ಬಟನ್ ಹುಡುಕಲು ಕನ್ನಡಕ ಒರೆಸಿಕೊಳ್ಳಬೇಕಾಯಿತು. ಅದರ ಮೇಲೆ ಬರೆದದ್ದೇನು ಗೊತ್ತಾ, ‘ಬೇಡ, ನನಗೆ ಸುರಕ್ಷತೆ ಮುಖ್ಯವಲ್ಲ’ ಅಂತ. ಪೇಟೆಯ ಅಂಗಡಿಯವನು ಹೀಗಂದಿದ್ದರೆ ನಿನ್ನ ಮಾವ ಜಗಳಕ್ಕೇ ನಿಲ್ಲುತ್ತಿದ್ದರು.

ಇದಕ್ಕೆ ಸರ್ಕಾರದ ಮಾರ್ಗಸೂಚಿಯೇ ಇದೆ ಮಾರಾಯ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ಅಂತ 13 ಬಗೆಯ ಕಣ್ಕಟ್ಟುಗಳನ್ನು ಪಟ್ಟಿ ಮಾಡಿತು. ಸುಳ್ಳು ಅವಸರ ಹುಟ್ಟಿಸುವುದು ಮೊದಲನೆಯದೇ. ಕೇಳದೆ ಬುಟ್ಟಿಗೆ ಸೇರಿಸುವುದೂ, ಬೇಡವೆಂದವರನ್ನು ನಾಚಿಸುವುದೂ ಅದರಲ್ಲಿವೆ. ಆಫರ್ ನಿಜವಾಗಿ ರಾತ್ರಿಗೆ ಮುಗಿಯುವುದಾದರೆ ಗಡಿಯಾರ ಹಾಕು. ಇಲ್ಲವಾದರೆ ಆ ಮಾರ್ಗಸೂಚಿ ಸೇರಿಸಿ ಮ್ಯಾನೇಜರಿಗೆ ಮೇಲ್ ಮಾಡು. ಬಾಯಲ್ಲಿ ಹೇಳಬೇಡ, ಬರೆ. ಜಗಳವೂ ಬೇಡ.

ಅವಸರ ಕೆಡಿಸುವುದು ಕೊಳ್ಳುವವರನ್ನಷ್ಟೇ ಅಲ್ಲ. 2024ರ ಜುಲೈ 19ರಂದು ಕಂಪ್ಯೂಟರುಗಳಿಗೆ ರಕ್ಷಣೆಯ ಸಾಫ್ಟ್‌ವೇರ್ ಕೊಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷವಿದ್ದ ಅಪ್‌ಡೇಟ್ ಒಂದು ಎಲ್ಲೆಡೆಗೂ ಒಟ್ಟಿಗೇ ಹೋಯಿತಲ್ಲ. ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿದವು. ಒಂದೂವರೆ ಗಂಟೆಯೊಳಗೆ ಫೈಲನ್ನು ಹಿಂದಕ್ಕೆ ಪಡೆದರು, ಆದರೆ ಮಲಗಿದ ಕಂಪ್ಯೂಟರುಗಳಲ್ಲಿ ಬಹುಪಾಲನ್ನು ಜನರೇ ಕೂತು ಒಂದೊಂದಾಗಿ ಎಬ್ಬಿಸಬೇಕಾಯಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಅಂಥ ಫೈಲನ್ನು ಮೊದಲು ಕೆಲವರಿಗೆ ಕಳಿಸಿ ನೋಡಿ ಆಮೇಲೆ ಉಳಿದವರಿಗೆ ಕಳಿಸುವ ಕ್ರಮ ಬಂದದ್ದು ಇಷ್ಟೆಲ್ಲ ಆದಮೇಲೆ. ಬ್ಯಾಂಕಿನಲ್ಲಿ ನಾವು ಒಬ್ಬರು ಹಾಕಿದ ಎಂಟ್ರಿಯನ್ನು ಇನ್ನೊಬ್ಬರು ನೋಡಿ ಪಾಸ್ ಮಾಡಬೇಕಿತ್ತು. ಕೌಂಟರಿನ ಮುಂದೆ ನಿಂತವರು ಬೈದುಕೊಳ್ಳುತ್ತಿದ್ದರು, ಬೈಯಲಿ ಬಿಡು. ನೀನೂ ಮನೆಗೆ ಹೊರಡುವ ಹೊತ್ತಿನಲ್ಲಿ ಹೊಸದೇನನ್ನೂ ಎಲ್ಲರಿಗೂ ಕಳಿಸಬೇಡ. ಶುಕ್ರವಾರವಂತೂ ಬೇಡವೇ ಬೇಡ. ಅವತ್ತೂ ಶುಕ್ರವಾರವೇ ಆಗಿತ್ತು.

ಇನ್ನು ನಿನ್ನಪ್ಪ. ಖಾಕಿ ಕಂಡರೆ ಕೂತಲ್ಲಿಂದ ಏಳುವ ಆಸಾಮಿ ಅವನು, ಪೊಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ, ಬಂಧಿಸಿದ್ದೇವೆ ಅಂತ ಹೆದರಿಸಿ ದುಡ್ಡು ಕೀಳುವ ಈ ‘ಡಿಜಿಟಲ್ ಅರೆಸ್ಟ್’ ಕಳ್ಳರಿಗೆ ಸುಲಭದ ತುತ್ತು. 2024ರ ಅಕ್ಟೋಬರಿನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ನಮ್ಮ ವಿಜಯಪುರದವರೊಬ್ಬರಿಗೆ ಬಂದಿದ್ದ ಅಂಥ ಕರೆಯನ್ನೇ ಕೇಳಿಸಿದ್ದರು. ಆ ಕಳ್ಳರದೂ ಅದೇ ಅವಸರದ ವಿದ್ಯೆ: ಯೋಚಿಸಲೂ ಬಿಡಬಾರದು, ಫೋನ್ ಇಡಲೂ ಬಿಡಬಾರದು. ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ ಅಂತ ನಾನು ಹೇಳಿದರೆ ಅಕ್ಕನ ಉಪದೇಶ ಅಂತಾನೆ, ನೀನು ಹೇಳಿದರೆ ಕೇಳುತ್ತಾನೆ. ಈ ಸಲ ಊರಿಗೆ ಬಂದಾಗ ಅವನ ಫೋನಿಗೆ ಸೈಬರ್ ವಂಚನೆಯ ಸಹಾಯವಾಣಿ 1930 ನಂಬರ್ ಹಾಕಿಕೊಡು. ದುಡ್ಡು ಹೋಯಿತೆಂದು ಗೊತ್ತಾದ ಕೂಡಲೇ ಅಲ್ಲಿಗೆ ಫೋನ್ ಮಾಡಬೇಕು, ಅಲ್ಲಿ ಮಾತ್ರ ನಿಧಾನ ಕೂಡದು ಅನ್ನು.

ಬರುವಾಗ ನನಗೊಂದು ಚಾರ್ಜರ್ ತಾ. ಅಂಗಡಿಯಿಂದಲೇ ತಾ, ಆನ್‌ಲೈನ್ ಬೇಡ.

ಇಂತಿ,
ನಿನ್ನ ಅತ್ತೆ